ಜಮ್ಮಾ ಜಾಗದ ಪಾಲಿಗೆ ಬೆಂಗಳೂರಿನ ದೊಡ್ಡ ಲಾ ಫರ್ಮಾ, ಇಲ್ಲಾ ಜಾಗದ ಕೇಸ್ ಮಾತ್ರ ನೋಡೋ ಸಣ್ಣ ಆಫೀಸಾ?

ನಾಪೋಕ್ಲು ತೋಟ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಹೇಳಿ. ನಮ್ಮದು ಕೊಡಗಲ್ಲಿ ಒಕ್ಕದ (ಒಂದೇ ಮನೆತನದ ಕೂಡುಕುಟುಂಬದ) ಜಾಗ. ಗದ್ದೆ, ಅದಕ್ಕೆ ಸೇರಿದ ಜಮ್ಮಾ ಬಾಣೆ (ರಾಜರ ಕಾಲದಿಂದ ಬಂದ, ಗದ್ದೆಗೆ ಸೊಪ್ಪು ಸೌದೆಗೆ ಅಂತ ಬಿಟ್ಟ ಜಾಗ), ಬಾಣೆಯಲ್ಲಿ ಬಹುಪಾಲು ರೊಬಸ್ಟಾ ಕಾಫಿ, ಮರಕ್ಕೆ ಮೆಣಸು. ಪಹಣಿ ಇವತ್ತಿಗೂ ತೀರಿಹೋದ ಪಟ್ಟೇದಾರರ (ಒಕ್ಕದ ಪರವಾಗಿ ದಾಖಲೆಯಲ್ಲಿ ಹೆಸರಿರೋ ಹಿರಿಯರ) ಹೆಸರಲ್ಲೇ ಇದೆ, ಪಕ್ಕದಲ್ಲಿ "ಮತ್ತು ಇತರರು" ಅಂತ ಅಷ್ಟೇ. ದೊಡ್ಡಪ್ಪನ ಮಕ್ಕಳು ಮೇಲ್ಗಡೆ ಭಾಗ ನೋಡ್ಕೊಳ್ತಾರೆ, ನಾವು ಕೆಳಗಡೆ, ಹಾಗೇ ಬಾಯಿಮಾತಲ್ಲಿ ನಡ್ಕೊಂಡು ಬಂದಿದೆ. ಈಗ ಒಂದು ರೆಸಾರ್ಟ್ ಕಂಪನಿ ಮೇಲ್ಗಡೆ ಭಾಗವನ್ನ ಲೀಸಿಗೆ ಕೇಳ್ತಿದೆ, ದೊಡ್ಡಪ್ಪನ ಮಕ್ಕಳಿಗೆ ಮನಸ್ಸಿದೆ, ನಮಗೆ ಮೊದಲು ಪಾಲು ಆಗ್ಲಿ ಆಮೇಲೆ ಯಾರು ಏನು ಬೇಕಾದ್ರೂ ಮಾಡ್ಕೊಳ್ಳಲಿ ಅಂತ. ಅಪ್ಪನ ಇಬ್ಬರು ತಂಗಿಯರಿಗೂ ಪಾಲು ಬರಬೇಕು, ಅದರಲ್ಲಿ ಒಬ್ಬರು ಟೊರೊಂಟೊದಲ್ಲಿ ಮಗಳ ಜೊತೆ ಇದ್ದಾರೆ.

ಬೆಂಗಳೂರಲ್ಲಿರೋ ತಮ್ಮ ಹೇಳೋದು ದೊಡ್ಡ ಲಾ ಫರ್ಮಿಗೆ ಕೊಡೋಣ, ಆ ಕಡೆ ಕಂಪನಿ ಇದೆ, ನಮ್ಮ ಕಡೆಯೂ ತೂಕ ಇರಬೇಕು ಅಂತ. ಅಮ್ಮ ಹೇಳೋದು ಮಡಿಕೇರಿಯಲ್ಲಿ ಜಾಗ, ಕಂದಾಯದ ಕೇಸ್ ಬಿಟ್ಟು ಬೇರೆ ಮುಟ್ಟದ ಒಂದು ಆಫೀಸ್ ಇದೆ, ಇಬ್ಬರು ಲಾಯರು ಒಬ್ಬ ಗುಮಾಸ್ತ, ಅಲ್ಲಿಗೇ ಹೋಗೋಣ ಅಂತ. ಫರ್ಮ್‌ನವರು ಗಂಟೆ ಲೆಕ್ಕದ ಫೀಸು, ಮುಂಗಡ ಬೇರೆ. ಮಡಿಕೇರಿಯವರು ಹಂತ ಹಂತಕ್ಕೆ ಇಷ್ಟು ಅಂತ. ದುಡ್ಡೊಂದನ್ನೇ ನೋಡಿ ತೀರ್ಮಾನ ಮಾಡೋಕೆ ಇಷ್ಟ ಇಲ್ಲ, ಅಜ್ಜನ ಕಾಲದ ಜಾಗ ಇದು. ಅನುಭವ ಇರೋರು ಹೇಳಿ.

ಗೋಣಿಕೊಪ್ಪ 71

ಕಂಪನಿ ಎದುರಿಗಿದ್ರೆ ದೊಡ್ಡ ಫರ್ಮೇ ಸರಿ. ಸಣ್ಣ ಆಫೀಸಿನ ನೋಟಿಸ್ ಅಂದ್ರೆ ಅವರು ಕ್ಯಾರೇ ಅನ್ನಲ್ಲ.

ಕರಿಕೋಟು

@ಗೋಣಿಕೊಪ್ಪ 71 ಅಣ್ಣ, ಲೆಟರ್‌ಹೆಡ್ ನೋಡಿ ಹೆದರೋದು ನೋಟಿಸ್ ಹಂತದಲ್ಲಿ ಅಷ್ಟೇ, ದಾವಾ ಹಾಕಿದ್ಮೇಲೆ ಜಡ್ಜ್ ಮುಂದೆ ಇರೋದು ದಾಖಲೆ ಮಾತ್ರ. ನಾನು ಇಲ್ಲೇ ಪ್ರಾಕ್ಟೀಸ್ ಮಾಡ್ತೀನಿ, ಹಾಗಾಗಿ ನನ್ನ ಮಾತಲ್ಲಿ ಪಕ್ಷಪಾತ ಇದೆ ಅನ್ಸಿದ್ರೆ ಅಷ್ಟು ಕಳೆದು ಓದಿ.

ಬೆಂಗಳೂರಿನ ದೊಡ್ಡ ಫರ್ಮಿಗೆ ಕೊಟ್ರೂ ಮಡಿಕೇರಿ ಕೋರ್ಟಲ್ಲಿ ಪ್ರತಿ ದಿನಾಂಕಕ್ಕೆ ನಿಲ್ಲೋದು ಸಾಮಾನ್ಯವಾಗಿ ಇಲ್ಲಿನ ಒಬ್ಬ ಲಾಯರೇ, ಫರ್ಮ್‌ನವರು ಅವರಿಗೆ ವಕಾಲತ್ತಲ್ಲಿ ಹೆಸರು ಸೇರಿಸಿ ಕೆಲಸ ಒಪ್ಪಿಸ್ತಾರೆ. ಡ್ರಾಫ್ಟ್ ಬೆಂಗಳೂರಲ್ಲಿ, ಹಾಜರಿ ಮಡಿಕೇರಿಯಲ್ಲಿ. ಇದು ತಪ್ಪು ಅಂತಲ್ಲ, ಎಷ್ಟೋ ಕೇಸ್ ಹೀಗೇ ಚೆನ್ನಾಗಿ ನಡೆಯುತ್ತೆ, ಆದ್ರೆ ನಿಮ್ಮ ಕೇಸ್ ನಿಂತಿರೋದು ಆ ಎರಡನೇ ವ್ಯಕ್ತಿ ಮೇಲೆ ಅಂತಾದ್ರೆ ಅವರು ಯಾರು ಅಂತ ಮೊದಲೇ ಗೊತ್ತಿರಬೇಕು. ಕೇಳಿ. ಹೆಸರು ಕೇಳಿ. ಅವರನ್ನ ಭೇಟಿ ಮಾಡ್ಸಿ ಅನ್ನಿ.

ಇನ್ನೊಂದು, ಸೀನಿಯರ್ ಅಡ್ವೊಕೇಟ್ ಅಂತ ಹೈಕೋರ್ಟು, ಸುಪ್ರೀಂಕೋರ್ಟು ಗೌನು ಕೊಟ್ಟಿರೋರು ನೇರವಾಗಿ ಕಕ್ಷಿದಾರರಿಂದ ಕೇಸ್ ತಗೊಳ್ಳೋ ಹಾಗಿಲ್ಲ, ವಕಾಲತ್ತು ಹಾಕೋ ಹಾಗೂ ಇಲ್ಲ, ಅವರನ್ನ ಇನ್ನೊಬ್ಬ ಲಾಯರೇ ಕರೆಸಬೇಕು. ಅಂದ್ರೆ ನಾಳೆ ಹೈಕೋರ್ಟಲ್ಲಿ ದೊಡ್ಡವರು ವಾದ ಮಾಡಬೇಕು ಅಂದ್ರೆ ಅದಕ್ಕೆ ದೊಡ್ಡ ಫರ್ಮೇ ಬೇಕು ಅಂತಿಲ್ಲ, ಸಣ್ಣ ಆಫೀಸಿನವರೂ ಕರೆಸಬಹುದು. ಈ ವಿಷಯ ಗೊತ್ತಿಲ್ದೆ ತುಂಬಾ ಜನ "ಮುಂದೆ ಹೈಕೋರ್ಟಿಗೆ ಹೋದ್ರೆ ಏನು ಗತಿ" ಅಂತ ಮೊದಲ ದಿನವೇ ದೊಡ್ಡ ಬಾಗಿಲು ತಟ್ತಾರೆ.

ಬೆಟ್ಟಗೇರಿ ಅಕ್ಕ

ನಮ್ಮ ಮನೇಲಿ ಎರಡೂ ನೋಡಿದ್ದೀವಿ, ಹಾಗಾಗಿ ಹೇಳ್ತೀನಿ.

ಮೊದಲು ಹೋಗಿದ್ದು ಬೆಂಗಳೂರಿನ ಫರ್ಮಿಗೆ. ಒಳ್ಳೆ ಜನ, ಮರ್ಯಾದೆಯಿಂದ ಮಾತಾಡ್ಸಿದ್ರು, ಕಾಫಿ ಕೊಟ್ರು, ಆಮೇಲೆ ಈಮೇಲಲ್ಲಿ ಒಂದು ಪಟ್ಟಿ ಬಂತು. ಕ್ರಯಪತ್ರದ ನಂಬರು ಕೊಡಿ, ಮೂಲ ಮಾಲೀಕರು ಯಾರಿಂದ ಕೊಂಡ್ರು ಹೇಳಿ, ಋಣಭಾರ ಪತ್ರ ಕೊಡಿ ಅಂತ. ಜಮ್ಮಾ ಜಾಗಕ್ಕೆ ಕ್ರಯಪತ್ರ ಎಲ್ಲಿಂದ ತರೋದು? ರಾಜರ ಕಾಲದಿಂದ ಬಂದಿದ್ದು, ಯಾರೂ ಯಾರಿಂದಲೂ ಕೊಂಡಿಲ್ಲ. ಅದನ್ನ ವಿವರಿಸಿದ್ವಿ, ಮುಂದಿನ ಸಲ ಬೇರೆ ಹುಡುಗಿ ಫೋನ್ ತಗೊಂಡ್ಳು, ಪುನಃ ಮೊದಲಿಂದ ವಿವರಿಸಿದ್ವಿ. ಆ ಫೋನಿಗೂ ಬಿಲ್ಲಲ್ಲಿ ಸಾಲು ಇತ್ತು.

ಆಮೇಲೆ ಮಾವನ ಪರಿಚಯದ ಮೇಲೆ ಇಲ್ಲಿನ ಒಬ್ಬ ವಯಸ್ಸಾದ ಲಾಯರ್ ಹತ್ರ ಹೋದ್ವಿ. ಅವರು ಪಹಣಿ ತಗೊಂಡು ಹೆಸರು ನೋಡೋಕೆ ಮುಂಚೆ ಕೇಳಿದ್ದು ಒಂದೇ ಮಾತು, "ಈ ಬಾಣೆ ಯಾವ ಗದ್ದೆಗೆ ಸೇರಿದ್ದು?" ಅಂತ. ಗದ್ದೆ ಸರ್ವೆ ನಂಬರ್ ಹೇಳಿದ್ವಿ. ಗ್ರಾಮದ ನಕ್ಷೆ ಮೇಜಿನ ಮೇಲೆ ಹರಡಿ, ಗದ್ದೆ ಮೇಲೆ ಒಂದು ಬೆರಳು ಇಟ್ಟು ಬಾಣೆ ಮೇಲೆ ಇನ್ನೊಂದು ಬೆರಳು ಇಟ್ಟು, ನಡುವೆ ಇರೋ ತುಂಡು ತೋರಿಸಿ "ಇದು ನಿಮ್ಮದಲ್ಲ, ಪೈಸಾರಿ, ಅಂದ್ರೆ ಸರ್ಕಾರಿ ಜಾಗ, ಇದನ್ನ ದಾವಾದಲ್ಲಿ ಸೇರಿಸಿದ್ರೆ ಸರ್ಕಾರಾನೂ ಪಾರ್ಟಿ ಆಗುತ್ತೆ, ಸುಮ್ಮನೆ ವರ್ಷ ಹೋಗುತ್ತೆ" ಅಂದ್ರು. ನಾವು ಹುಟ್ಟಿದಾಗಿಂದ ಅಲ್ಲಿ ಸೌದೆ ತಂದಿದ್ದೀವಿ, ನಮ್ಮದೇ ಅನ್ಕೊಂಡಿದ್ವಿ. ಅವತ್ತೇ ನಮಗೆ ನಂಬಿಕೆ ಬಂತು. ಕೇಸ್ ಅವರ ಹತ್ರಾನೇ ಇದೆ.

ರಿಟೈರ್ಡ್ ಶಿರಸ್ತೇದಾರ್

ಬೆಟ್ಟಗೇರಿ ಅಕ್ಕ ಬರೆದಿದ್ದು ನೂರಕ್ಕೆ ನೂರು ನಿಜ. ತಾಲೂಕು ಕಚೇರಿಯಲ್ಲಿ ಸರ್ವೀಸ್ ಪೂರ್ತಿ ಇದೇ ಕಾಗದ ನೋಡಿದವನು ನಾನು.

ಕೊಡಗು 1956ರ ತನಕ ಬೇರೆ ರಾಜ್ಯ, ನಮ್ಮ ಕಂದಾಯ ನಡೆದಿದ್ದು 1899ರ ಕೂರ್ಗ್ ರೆಗ್ಯುಲೇಶನ್ ಮೇಲೆ. ಕರ್ನಾಟಕ ಭೂಕಂದಾಯ ಕಾಯ್ದೆ 1964ರದ್ದು ಬಂದ ಮೇಲೂ ಜಮ್ಮಾ, ಸಾಗು, ಬಾಣೆ, ಪೈಸಾರಿ, ಉರುಡುವೆ, ದೇವರಕಾಡು ಈ ಬಾಬ್ತುಗಳು ದಾಖಲೆಯಲ್ಲಿ ಉಳ್ಕೊಂಡಿವೆ. ಬಾಣೆ ಮೂಲತಃ ಗದ್ದೆಗೆ ಸೊಪ್ಪು, ಸೌದೆ, ದನ ಮೇಯಿಸೋಕೆ ಅಂತ ಬಿಟ್ಟಿದ್ದು. ಅದಕ್ಕೇ ಆ ಲಾಯರು ಮೊದಲು ಗದ್ದೆ ಕೇಳಿದ್ದು. ಬಾಣೆ ಹಿಡುವಳಿದಾರರ ಹಕ್ಕಿನ ಬಗ್ಗೆ ಹೈಕೋರ್ಟಿನ ಪೂರ್ಣಪೀಠ 1993ರಲ್ಲಿ ತೀರ್ಪು ಕೊಟ್ಟಿದೆ, ಆಮೇಲೆ ಕಾಯ್ದೆಗೂ ತಿದ್ದುಪಡಿ ಆಗಿದೆ. ಇದನ್ನೆಲ್ಲ ಓದ್ಕೊಂಡು ಬರೋ ಶಕ್ತಿ ಬೆಂಗಳೂರಿನ ಹುಡುಗರಿಗೆ ಖಂಡಿತ ಇದೆ, ಬುದ್ಧಿವಂತರೇ. ಆದ್ರೆ ಓದೋ ಸಮಯಕ್ಕೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡೋರು ನೀವು.

ಇನ್ನು ಮರದ ವಿಷಯ. ಜಾಗ ರಿಡೀಮ್ಡಾ ಅನ್‌ರಿಡೀಮ್ಡಾ ನೋಡಿ. ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸ್ಕೊಂಡಿದ್ರೆ ರಿಡೀಮ್ಡ್, ಇಲ್ಲದಿದ್ರೆ ಮರದ ಮೇಲೆ ಸರ್ಕಾರದ ಹಕ್ಕು ಹಾಗೇ ನಿಂತಿದೆ. ಒಂದು ಕಡೆ ಪಾಲಿಗೆ ಬೀಟೆ, ಹೊನ್ನೆ ತುಂಬಿದ ಭಾಗ ಬಂದು ಅದು ಅನ್‌ರಿಡೀಮ್ಡ್ ಆಗಿದ್ರೆ, ಎಕರೆ ಸಮ ಇದ್ರೂ ಪಾಲು ಸಮ ಅಲ್ಲ. ಈ ಪ್ರಶ್ನೆಯನ್ನ ನೀವು ಭೇಟಿ ಮಾಡೋ ಪ್ರತಿಯೊಬ್ಬ ಲಾಯರ್ ಹತ್ರಾನೂ ಕೇಳದೆ ಸುಮ್ಮನೆ ಕೂತು ನೋಡಿ, ಅವರಾಗೇ ಎತ್ತುತ್ತಾರಾ ಅಂತ.

ಶನಿವಾರಸಂತೆ ಕಾಫಿ

ಎಲ್ರೂ ಸಣ್ಣ ಆಫೀಸ್ ಹೊಗಳ್ತಿದ್ದೀರ, ಇನ್ನೊಂದು ಮುಖಾನೂ ಹೇಳ್ತೀನಿ. ನಮ್ಮ ಕೇಸಿನ ಲಾಯರಿಗೆ ಹಾರ್ಟ್ ಆಪರೇಶನ್ ಆಯ್ತು, ಆಫೀಸಲ್ಲಿ ಅವರು ಬಿಟ್ರೆ ಒಬ್ಬ ಜೂನಿಯರ್, ಆ ಹುಡುಗ ಪ್ರತಿ ಸಲ ಸಮಯ ಕೇಳಿ ಕೇಳಿ ಸಾಕ್ಷಿ ಹಂತದಲ್ಲೇ ಕೇಸ್ ನಿಂತುಹೋಯ್ತು. ಮನುಷ್ಯನಿಗೆ ಕಾಯಿಲೆ ಬರೋದು ಯಾರ ತಪ್ಪೂ ಅಲ್ಲ, ಆದ್ರೆ ದೊಡ್ಡ ಕಡೆ ಆಗಿದ್ರೆ ಇನ್ನೊಬ್ಬರು ಫೈಲ್ ತಗೊಂಡು ಮುಂದುವರಿಸ್ತಿದ್ರು. ಇನ್ನೊಂದು, ಕೊಡಗು ಸಣ್ಣ ಜಾಗ. ನೀವು ಹೋಗೋ ಲಾಯರು ಎದುರು ಪಾರ್ಟಿಗೆ ನೆಂಟರೋ, ಒಂದೇ ನಾಡಿನವರೋ, ಹಿಂದೆ ಅವರ ಕೇಸ್ ನೋಡಿದವರೋ ಆಗಿರ್ತಾರೆ. ಕೈಲ್‌ಪೊಳ್ದ್ ಹಬ್ಬಕ್ಕೆ ಜೊತೆಗೆ ಕೂತು ಊಟ ಮಾಡೋರು ಕೋರ್ಟಲ್ಲಿ ಜೋರಾಗಿ ವಾದ ಮಾಡ್ತಾರಾ ಅನ್ನೋ ಅನುಮಾನ ಬರೋದು ಸಹಜ.

ನಾಪೋಕ್ಲು ತೋಟ

ಅಯ್ಯೋ ಇದು ನನ್ನ ತಲೆಗೇ ಬಂದಿರಲಿಲ್ಲ. ಆ ಮಡಿಕೇರಿ ಆಫೀಸಿನವರು ಹಿಂದೆ ದೊಡ್ಡಪ್ಪನಿಗೆ ಎಸಿ (ಉಪವಿಭಾಗಾಧಿಕಾರಿ) ಕೋರ್ಟಲ್ಲಿ ಯಾವುದೋ ಖಾತೆ ವಿಷಯಕ್ಕೆ ಹಾಜರಾಗಿದ್ರು ಅಂತ ಅಮ್ಮ ಈಗ ಹೇಳ್ತಿದ್ದಾರೆ. ಇದು ತೊಂದರೆನಾ?

ಕರಿಕೋಟು

ಯಾವ ವಿಷಯ ಅನ್ನೋದರ ಮೇಲೆ ಇದೆ. ಇದೇ ಜಾಗದ ಇದೇ ವ್ಯಾಜ್ಯದಲ್ಲಿ ದೊಡ್ಡಪ್ಪನಿಗೆ ಸಲಹೆ ಕೊಟ್ಟಿದ್ರೆ ಅಥವಾ ಅರ್ಜಿ ಬರ್ಕೊಟ್ಟಿದ್ರೆ ಅವರು ಈಗ ಎದುರು ಕಡೆ ನಿಲ್ಲೋ ಹಾಗಿಲ್ಲ, ಬಾರ್ ಕೌನ್ಸಿಲ್ ನಿಯಮ ಸ್ಪಷ್ಟ ಇದೆ. ಬೇರೆ ಜಾಗದ ಬೇರೆ ವಿಷಯ ಆಗಿದ್ರೆ ಅಡ್ಡಿ ಇಲ್ಲ. ಮೊದಲ ಭೇಟಿಯಲ್ಲೇ ನಿಮ್ಮ ಗುಟ್ಟೆಲ್ಲ ಹೇಳೋಕೆ ಮುಂಚೆ ಈ ಪ್ರಶ್ನೆ ಕೇಳಿ. ಸರಿಯಾದ ಲಾಯರ್ ಆದ್ರೆ ಅವರೇ "ಇದು ನಾನು ತಗೊಳ್ಳೋಕಾಗಲ್ಲ" ಅಂತಾರೆ.

ಇದೇ ಪ್ರಶ್ನೆ ದೊಡ್ಡ ಫರ್ಮಿಗೂ ಕೇಳಬೇಕು. ಅಲ್ಲಿ ನೂರಾರು ಕಕ್ಷಿದಾರರು ಇರ್ತಾರೆ, ಆ ರೆಸಾರ್ಟ್ ಕಂಪನಿನೋ, ಅದಕ್ಕೆ ಸಾಲ ಕೊಟ್ಟ ಬ್ಯಾಂಕೋ ಅವರ ಹಳೇ ಗಿರಾಕಿ ಆಗಿರಬಹುದು. ಕಂಪನಿಯ ಹೆಸರು ಕೊಟ್ಟು ಚೆಕ್ ಮಾಡಿ ಅಂತ ಹೇಳಿ, ಅವರ ಉತ್ತರ ಬರಹದಲ್ಲಿ ಇರಲಿ.

ಇನ್‌ಹೌಸ್ ಕುಶಾಲನಗರ

ನಾನು ಒಂದು ಕಂಪನಿಯ ಲೀಗಲ್ ವಿಭಾಗದಲ್ಲಿದ್ದೀನಿ, ಬೆಂಗಳೂರಲ್ಲಿ. ದಿನಾ ದೊಡ್ಡ ಫರ್ಮ್, ಸಣ್ಣ ಫರ್ಮ್ ಎರಡಕ್ಕೂ ಕೆಲಸ ಕೊಡೋದು ನನ್ನ ಕೆಲಸ, ಹಾಗಾಗಿ ಕೊಡೋರ ಕಡೆಯಿಂದ ಹೇಳ್ತೀನಿ.

ದೊಡ್ಡ ಫರ್ಮಿಗೆ ನಾವು ಕೊಡೋದು ಯಾವಾಗ ಅಂದ್ರೆ ಒಂದೇ ವ್ಯವಹಾರದಲ್ಲಿ ನಾಲ್ಕೈದು ಥರದ ಕಾನೂನು ಒಟ್ಟಿಗೆ ಬಂದಾಗ. ಕಂಪನಿ ಕೊಳ್ಳೋದು, ಅದರಲ್ಲಿ ಟ್ಯಾಕ್ಸ್, ನೌಕರರು, ವಿದೇಶಿ ಹಣ, ಪರಿಸರದ ಅನುಮತಿ, ಎಲ್ಲ ಎರಡು ವಾರದಲ್ಲಿ ನೋಡಿ ಮುಗಿಸಬೇಕು ಅಂದ್ರೆ ಹತ್ತು ಜನ ಒಟ್ಟಿಗೆ ಕೂರಬೇಕು, ಅದು ಸಣ್ಣ ಆಫೀಸಿನಿಂದ ಆಗಲ್ಲ. ಆದ್ರೆ ಒಂದೇ ಥರದ ಕೇಸ್, ವರ್ಷಗಟ್ಟಲೆ ನಡೆಯೋದು, ಅದರಲ್ಲಿ ಆಳವಾದ ತಿಳುವಳಿಕೆ ಬೇಕು ಅಂದಾಗ ಅದೊಂದನ್ನೇ ಮಾಡೋ ಸಣ್ಣ ಫರ್ಮ್‌ಗೆ ಕೊಡ್ತೀವಿ. ಯಾಕಂದ್ರೆ ಅಲ್ಲಿ ಮೊದಲ ದಿನ ಮಾತಾಡಿದ ಪಾರ್ಟ್ನರೇ ಪಾಟೀ ಸವಾಲಿನ ದಿನಾನೂ ಇರ್ತಾರೆ. ದೊಡ್ಡ ಕಡೆ ಮೊದಲ ಮೀಟಿಂಗಿಗೆ ಪಾರ್ಟ್ನರ್ ಬರ್ತಾರೆ, ಆಮೇಲೆ ಕೆಲಸ ಮಾಡೋದು ಅಸೋಸಿಯೇಟ್‌ಗಳು, ಅವರು ಎರಡು ಮೂರು ವರ್ಷಕ್ಕೆ ಬೇರೆ ಕಡೆ ಹೋಗ್ತಾರೆ. ಪಾಲಿನ ದಾವಾ ಅದಕ್ಕಿಂತ ಜಾಸ್ತಿ ಕಾಲ ಬದುಕಿರುತ್ತೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಕಾಣೋದು ಎರಡು ಬೇರೆ ಬೇರೆ ಕೆಲಸ. ಒಂದು ಪಾಲು. ಇನ್ನೊಂದು ರೆಸಾರ್ಟ್ ಲೀಸು. ಪಾಲಿಗೆ ಇಲ್ಲಿನ ಜಾಗದ ಲಾಯರು. ಲೀಸಿನ ಕರಾರು ಮುಂದೆ ಯಾವತ್ತಾದ್ರೂ ಬಂದ್ರೆ, ಅದರಲ್ಲಿ ಭೂಪರಿವರ್ತನೆ, ನೋಂದಣಿ, ಜಿಎಸ್‌ಟಿ, ಕಂಪನಿ ಮುಚ್ಚಿದ್ರೆ ಏನು, ತಕರಾರು ಆರ್ಬಿಟ್ರೇಶನ್‌ಗೆ ಹೋದ್ರೆ ಎಲ್ಲಿ ಅನ್ನೋದೆಲ್ಲ ಇರುತ್ತೆ, ಆಗ ಆ ಕಾಗದ ಒಂದನ್ನ ಮಾತ್ರ ದೊಡ್ಡ ಫರ್ಮಿಗೆ ತೋರಿಸಿ, ಇಷ್ಟು ಕೆಲಸಕ್ಕೆ ಇಷ್ಟು ಅಂತ ಫಿಕ್ಸ್ ಮಾಡ್ಕೊಂಡು. ಇಡೀ ಒಕ್ಕದ ವ್ಯಾಜ್ಯ ತಗೊಂಡು ಹೋಗಿ ಅಲ್ಲಿ ಇಡೋ ಅಗತ್ಯ ನನಗೆ ಕಾಣ್ತಿಲ್ಲ.

ಗೋಣಿಕೊಪ್ಪ 71

ಅಷ್ಟರಲ್ಲಿ ದೊಡ್ಡಪ್ಪನ ಮಕ್ಕಳು ಲೀಸ್ ಬರ್ಕೊಟ್ಟುಬಿಟ್ರೆ? ಅದಕ್ಕೇ ನಾನು ಹೇಳಿದ್ದು ಜೋರಾಗಿ ಹೋಗಿ ಅಂತ.

ಕರಿಕೋಟು

ಒಳ್ಳೆ ಪ್ರಶ್ನೆ ಅಣ್ಣ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ನೋಂದಣಿ ಆಗಲೇಬೇಕು, ಹಾಗಾಗಿ ಸಬ್‌ರಿಜಿಸ್ಟ್ರಾರ್ ಆಫೀಸಿನ ಮೇಲೆ ಕಣ್ಣಿಡಿ. ಪಾಲಾಗದ ಜಾಗದಲ್ಲಿ ಒಬ್ಬ ಹಿಸ್ಸೆದಾರ ಬರ್ಕೊಟ್ರೆ ತನ್ನ ಹಕ್ಕು ಇರೋವಷ್ಟಕ್ಕೆ ಮಾತ್ರ, ಉಳಿದವರದ್ದನ್ನ ಕಟ್ಟಿಹಾಕೋಕೆ ಆಗಲ್ಲ. ದಾವಾ ಹಾಕಿ ತಾತ್ಕಾಲಿಕ ತಡೆಯಾಜ್ಞೆ ಕೇಳಬಹುದು. ದಾವಾ ನಡೀತಿರೋವಾಗ ಆದ ವ್ಯವಹಾರ ಕೊನೆ ತೀರ್ಪಿಗೆ ಬದ್ಧ ಆಗಿರುತ್ತೆ. ನೀವು ದಾವಾ ಹಾಕೋಕೆ ಮುಂಚೆ ಅವರೇ ಏನಾದ್ರೂ ಹಾಕಿ ನಿಮ್ಮ ಬೆನ್ನ ಹಿಂದೆ ಆದೇಶ ತಗೋತಾರೆ ಅನ್ನೋ ಭಯ ಇದ್ರೆ ಕೇವಿಯಟ್ (ನಮ್ಮನ್ನ ಕೇಳದೆ ಆದೇಶ ಕೊಡಬೇಡಿ ಅನ್ನೋ ಅರ್ಜಿ) ಹಾಕಿ, 90 ದಿನ ಇರುತ್ತೆ. ಇದು ಯಾವ ಸಣ್ಣ ಆಫೀಸಿಗೂ ಕಷ್ಟದ ಕೆಲಸ ಅಲ್ಲ, ಒಂದು ದಿನದ್ದು. ಮಡಿಕೇರಿಯಲ್ಲೇ ಇರೋರು ಬೆಳಿಗ್ಗೆ ಹೇಳಿದ್ರೆ ಸಂಜೆಯೊಳಗೆ ಹಾಕ್ತಾರೆ, ಜೋರು ಅಂದ್ರೆ ನನ್ನ ಲೆಕ್ಕದಲ್ಲಿ ಅದು.

ಟೊರೊಂಟೊದಲ್ಲಿರೋ ಕೊಡಗು ಹುಡುಗಿ

ಅತ್ತೆ ಟೊರೊಂಟೊದಲ್ಲಿದ್ದಾರೆ ಅಂದ್ರಲ್ಲ, ಅದಕ್ಕೆ ಬರೀತಿದ್ದೀನಿ. ನನ್ನ ಅಮ್ಮಂದೂ ಇದೇ ಕಥೆ. ಹೆಣ್ಣುಮಕ್ಕಳಿಗೆ ಪಾಲಿಲ್ಲ ಅಂತ ಯಾರಾದ್ರೂ ಅಂದ್ರೆ ನಂಬಬೇಡಿ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ್ಮೇಲೆ ಮಗಳು ಹುಟ್ಟಿನಿಂದಲೇ ಹಕ್ಕುದಾರಳು, ಆ ದಿನಕ್ಕೆ ಅಪ್ಪ ಬದುಕಿರಲೇಬೇಕು ಅಂತಿಲ್ಲ ಅಂತ ಸುಪ್ರೀಂಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಕೇಸಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ಸರಿಯಾಗಿ ಪಾಲಾಗಿದ್ರೆ ಅದು ಬೇರೆ ಮಾತು. "ಬಾಯಿಮಾತಲ್ಲಿ ಪಾಲು ಯಾವತ್ತೋ ಆಗಿದೆ" ಅಂತ ಎದುರು ಕಡೆಯವರು ಹೇಳೋದು ಇದಕ್ಕೇ, ಹುಷಾರಾಗಿರಿ.

ಅತ್ತೆ ಊರಲ್ಲಿರೋ ಒಬ್ಬರಿಗೆ ಕೊಡಬೇಕಾದ ಮುಕ್ತಿಯಾರು ಪತ್ರದ (ಪವರ್ ಆಫ್ ಅಟಾರ್ನಿ) ವಿಷಯ, ಕೆನಡಾದಲ್ಲಿ 2024ರ ಜನವರಿಯಿಂದ ಅಪಾಸ್ಟಿಲ್ (ಒಂದು ದೇಶದ ಕಾಗದವನ್ನ ಇನ್ನೊಂದು ದೇಶ ಒಪ್ಪೋಕೆ ಹಾಕೋ ದೃಢೀಕರಣ) ಒಪ್ಪಂದ ಜಾರಿಯಲ್ಲಿದೆ. ಇಲ್ಲಿ ನೋಟರಿ ಮುಂದೆ ಸಹಿ ಮಾಡಿ ಅಪಾಸ್ಟಿಲ್ ಮಾಡ್ಸಿ ಕಳಿಸಬಹುದು, ಇಂಡಿಯಾಗೆ ಬಂದ 3 ತಿಂಗಳೊಳಗೆ ಅಲ್ಲಿ ಸ್ಟಾಂಪ್ ಡ್ಯೂಟಿ ಕಟ್ಟಬೇಕು. ಇದರಲ್ಲಿ ದೊಡ್ಡ ಫರ್ಮ್‌ನವರು ನಮಗೆ ಚೆನ್ನಾಗಿ ಸಹಾಯ ಮಾಡಿದ್ರು ಅಂತ ಹೇಳಲೇಬೇಕು, ಕರಡು ಅವರೇ ಕಳಿಸಿದ್ರು, ರಾತ್ರಿ ಹೊತ್ತು ವಿಡಿಯೋ ಕಾಲಿಗೂ ಬಂದ್ರು. ಊರಿನ ಲಾಯರು ಆಗಿದ್ರೆ ನಮ್ಮ ಟೈಮಿಗೆ ಸಿಗ್ತಿದ್ರೋ ಇಲ್ವೋ.

ಮತ್ತೆ ಅಕ್ಕತಂಗಿಯರಿಗೆ ಇನ್ನೊಂದು ಮಾತು. ಫೀಸಿಗೆ ದುಡ್ಡಿಲ್ಲ ಅಂತ ಹಕ್ಕು ಬಿಟ್ಟುಕೊಡಬೇಡಿ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಲಾಯರ್ ಸಿಗುತ್ತೆ, 1987ರ ಕಾಯ್ದೆಯಲ್ಲೇ ಇದೆ. ಮಡಿಕೇರಿ ಕೋರ್ಟಲ್ಲೇ ಕೇಳಿ.

ಬೆಟ್ಟಗೇರಿ ಅಕ್ಕ

ಇದು ಎಷ್ಟು ಜನಕ್ಕೆ ಗೊತ್ತಿಲ್ಲ! ಥ್ಯಾಂಕ್ಸ್ ಕಣಮ್ಮ.

ಶನಿವಾರಸಂತೆ ಕಾಫಿ

ಫೀಸಿನ ಬಗ್ಗೆ ಯಾರೂ ಬಿಡಿಸಿ ಹೇಳಿಲ್ಲ. ಇಲ್ಲಿ ಕೆಲವರು "ಈಗ ಏನೂ ಬೇಡ, ಗೆದ್ದ ಮೇಲೆ ಇಷ್ಟು ಸೆಂಟು ಜಾಗ ಕೊಡಿ" ಅಂತಾರಂತೆ. ನಿಜನಾ?

ಕರಿಕೋಟು

ಹಾಗೆ ಕೇಳೋ ಹಾಗೇ ಇಲ್ಲ. ಗೆದ್ರೆ ಇಷ್ಟು, ಬಂದ ಆಸ್ತಿಯಲ್ಲಿ ಇಷ್ಟು ಪಾಲು ಅಂತ ಫೀಸು ಮಾತಾಡೋದನ್ನ ಬಾರ್ ಕೌನ್ಸಿಲ್ ನಿಯಮ ನಿಷೇಧಿಸಿದೆ. ಅಂಥವರಿಂದ ದೂರ ಇರಿ.

ಸಣ್ಣ ಆಫೀಸಾದ್ರೂ ಒಂದು ಹಾಳೆ ಬರೆಸ್ಕೊಳ್ಳಿ. ದಾವಾ ಹಾಕೋಕೆ ಎಷ್ಟು, ತಡೆಯಾಜ್ಞೆ ವಾದಕ್ಕೆ ಎಷ್ಟು, ಸಾಕ್ಷಿಗೆ ಎಷ್ಟು, ನಕಲು, ಗುಮಾಸ್ತರ ಖರ್ಚು ಇದರಲ್ಲಿ ಸೇರಿದ್ಯಾ ಬೇರೆನಾ. ಪಾಲಿನ ದಾವಾದಲ್ಲಿ ಮೊದಲು ಪ್ರಾಥಮಿಕ ಡಿಕ್ರಿ ಆಗುತ್ತೆ, ಯಾರಿಗೆ ಎಷ್ಟು ಪಾಲು ಅಂತ. ಜಾಗ ಅಳೆದು ಭಾಗ ಮಾಡಿ ಕೈಗೆ ಕೊಡೋದು ಅಂತಿಮ ಡಿಕ್ರಿಯಲ್ಲಿ, ಕಂದಾಯ ಕಟ್ಟೋ ಜಮೀನಾದ್ರೆ ಕಾಗದ ಡಿಸಿ ಆಫೀಸಿಗೆ ಹೋಗಿ ಅಲ್ಲಿಂದ ಸರ್ವೆಗೆ ಬರುತ್ತೆ. ಜನ ಮೊದಲ ಡಿಕ್ರಿಗೆ ಸಿಹಿ ಹಂಚ್ತಾರೆ, ಅಲ್ಲಿಗೆ ಅರ್ಧ ಕೆಲಸ ಆಗಿರುತ್ತೆ ಅಷ್ಟೇ. ಫೀಸು ಯಾವ ಡಿಕ್ರಿ ತನಕ ಅಂತ ಕೇಳಿ.

ಲಾಯರ್ ಬದಲಾಯಿಸಬೇಕಾಗಿ ಬಂದ್ರೆ ಹಳಬರ ಒಪ್ಪಿಗೆ ಪತ್ರ ಕೇಳೋದು ಪದ್ಧತಿ, ಅವರು ಕೊಡದಿದ್ರೆ ಕೋರ್ಟ್ ಅನುಮತಿ ತಗೋಬಹುದು. ಫೀಸು ಬಾಕಿ ಇದೆ ಅಂತ ಫೈಲ್ ಹಿಡ್ಕೊಂಡು ಕೂರೋ ಹಕ್ಕು ಲಾಯರಿಗೆ ಇಲ್ಲ ಅಂತ ಸುಪ್ರೀಂಕೋರ್ಟ್ 2000ದಲ್ಲೇ ಹೇಳಿದೆ. ಶನಿವಾರಸಂತೆ ಅಣ್ಣ, ನಿಮ್ಮ ಕೇಸಿಗೂ ಇದು ಉಪಯೋಗ ಆಗುತ್ತೆ.

ಇನ್‌ಹೌಸ್ ಕುಶಾಲನಗರ

ಒಂದು ಸೇರಿಸ್ತೀನಿ. ಇ-ಕೋರ್ಟ್ಸ್ ಆ್ಯಪಲ್ಲಿ ಲಾಯರ್ ಹೆಸರು ಹಾಕಿ ಹುಡುಕಿದ್ರೆ ಆ ಕೋರ್ಟಲ್ಲಿ ಅವರ ಕೇಸುಗಳು ಕಾಣುತ್ತೆ. ಒರಿಜಿನಲ್ ಸೂಟ್ (ಸಿವಿಲ್ ದಾವಾ) ಎಷ್ಟಿವೆ, ಯಾವ ಹಂತದಲ್ಲಿವೆ, ಎಷ್ಟು ಸಲ ಮುಂದಕ್ಕೆ ಹೋಗಿದೆ ನೋಡಿ. ಲಾಯರುಗಳು ಜಾಹೀರಾತು ಕೊಡೋ ಹಾಗಿಲ್ಲ ನಮ್ಮಲ್ಲಿ, ಹಾಗಾಗಿ ಪರಿಚಯದವರ ಮಾತು ಬಿಟ್ರೆ ಪರೀಕ್ಷೆ ಮಾಡೋಕೆ ಇದೊಂದು ದಾರಿ. "ನಾವು ಜಾಗದ ಕೇಸ್ ಮಾತ್ರ ನೋಡೋದು" ಅಂತ ಹೇಳೋರ ಪಟ್ಟಿಯಲ್ಲಿ ತುಂಬಾ ಚೆಕ್ ಬೌನ್ಸ್ ಕೇಸೇ ಕಂಡ್ರೆ ನಿಮಗೇ ಅರ್ಥ ಆಗುತ್ತೆ.

ನಾಪೋಕ್ಲು ತೋಟ

ಎಲ್ರಿಗೂ ತುಂಬಾ ಧನ್ಯವಾದ, ತಮ್ಮನಿಗೂ ಓದಿಸಿದೆ, ಅವನೂ ಒಪ್ಪಿದ. ಅಮ್ಮ ಹೇಳಿದ ಆಫೀಸಿಗೆ ಫೋನ್ ಮಾಡಿದ್ದೆ, ದೊಡ್ಡಪ್ಪನ ಹೆಸರು ಹೇಳಿದ ಕೂಡಲೇ ಅವರೇ "ಇದೇ ಬಾಣೆ ಖಾತೆಗೆ ನಾವು ಅವರ ಕಡೆ ಇದ್ವಿ, ನಿಮ್ಮದು ತಗೊಳ್ಳೋಕಾಗಲ್ಲ" ಅಂತ ಹೇಳಿ ಬೇರೆ ಇಬ್ಬರ ಹೆಸರು ಕೊಟ್ರು. ಅದರಲ್ಲಿ ಒಬ್ಬರು ವಿರಾಜಪೇಟೆ, ಒಬ್ಬರು ಮಡಿಕೇರಿ, ಇಬ್ಬರೂ ಜಾಗದ ಕೇಸಿನವರೇ. ಎರಡೂ ಕಡೆ ಭೇಟಿ ಮಾಡ್ತೀವಿ. ಪಾಲು ಇಲ್ಲಿ, ಲೀಸಿನ ಕರಾರು ಬಂದ್ರೆ ಅದೊಂದಕ್ಕೆ ಬೆಂಗಳೂರು. ಅತ್ತೆಯ ಮುಕ್ತಿಯಾರು ಪತ್ರದ ಕರಡನ್ನ ಇಲ್ಲಿನವರಿಂದಲೇ ಬರೆಸಿ ಕಳಿಸೋಣ ಅಂತಿದ್ದೀವಿ.

ಭೇಟಿಗೆ ಹೋಗೋಕೆ ಮುಂಚೆ ಯಾವ್ಯಾವ ಕಾಗದ ತೆಗೆದಿಟ್ಕೊಳ್ಳಬೇಕು?

ರಿಟೈರ್ಡ್ ಶಿರಸ್ತೇದಾರ್

ಗದ್ದೆ, ಬಾಣೆ ಎರಡರ ಪಹಣಿ ಹೊಸದೂ ಬೇಕು, ಕೈಬರಹದ ಹಳೇದೂ ಬೇಕು, 9 ಮತ್ತು 11ನೇ ಕಾಲಂ ಚೆನ್ನಾಗಿ ಓದೋ ಹಾಗಿರಲಿ. ಮ್ಯುಟೇಶನ್ ನಕಲು. ಗ್ರಾಮ ನಕ್ಷೆ, ಸರ್ವೆ ಸ್ಕೆಚ್. ಪಟ್ಟೇದಾರರ ಮರಣ ಪತ್ರ, ಅವರಿಂದ ಕೆಳಗೆ ವಂಶವೃಕ್ಷ, ಅದರಲ್ಲಿ ಅತ್ತೆಯಂದಿರ ಹೆಸರು ಬಿಡಬೇಡಿ. ಮರದ ಬೆಲೆ ಕಟ್ಟಿದ ರಸೀದಿ ಐನ್‌ಮನೆ (ಒಕ್ಕದ ಮೂಲಮನೆ) ಪೆಟ್ಟಿಗೆಯಲ್ಲಿ ಎಲ್ಲಾದ್ರೂ ಇದ್ಯಾ ಹುಡುಕಿ. ಹಳೇ ಪಹಣಿ ಮತ್ತೆ ಜಮಾಬಂದಿ (ಕಂದಾಯದ ಲೆಕ್ಕ) ನಕಲಿಗೆ ತಾಲೂಕು ಕಚೇರಿ ರೆಕಾರ್ಡ್ ರೂಮಲ್ಲಿ ಇವತ್ತೇ ಅರ್ಜಿ ಕೊಡಿ, ಸಿಗೋಕೆ ತಡ ಆಗುತ್ತೆ. ಸರ್ವೆ ನಂಬರಿನ ಜೊತೆ ಗ್ರಾಮ, ಹೋಬಳಿ ಹೆಸರು ಸರಿಯಾಗಿ ಬರೀರಿ, ಒಂದೇ ಹೆಸರಿನ ಊರು ಎರಡು ಕಡೆ ಇರೋದುಂಟು.

ನಾಪೋಕ್ಲು ತೋಟ

ಆಯ್ತು ಸರ್, ಸೋಮವಾರ ಬೆಳಿಗ್ಗೆನೇ ಅರ್ಜಿ ಹಾಕ್ತೀನಿ.